ಮುಚ್ಚಿದ ಬ್ಯಾಂಕಿನ ಬಾಗಿಲಿಗೆ ಅಂಟಿದ ಕಾಗದ

ಟ್ಯಾನರ್ ಬೀದಿಯ ಬ್ಯಾಂಕು ಮುಚ್ಚಿ ಎರಡು ವರ್ಷವಾಗಿತ್ತು. ಕಣ್ಣು ಮುಚ್ಚಿ ಮಲಗಿದ ಮುದುಕನ ಹಾಗೆ ಇತ್ತು ಆ ಕಟ್ಟಡ. ಒಂದು ಮಂಗಳವಾರ ಬೆಳಿಗ್ಗೆ ಬ್ರೆಡ್ಡು ತರಲು ಹೊರಟ ಹೇಜಲ್ ಅದರ ಬಾಗಿಲಿಗೆ ಅಂಟಿಸಿದ್ದ ಕಾಗದ ಕಂಡು ನಿಂತಳು. ಇಲ್ಲಿ ಜೂಜಿನ ಯಂತ್ರಗಳ ಮಳಿಗೆ ತೆರೆಯಲು ಪುರಸಭೆಯ ಪರವಾನಗಿ ಕೇಳಿದ್ದಾರೆ, ಆಕ್ಷೇಪವಿದ್ದವರು ಇಪ್ಪತ್ತೆಂಟು ದಿನದೊಳಗೆ ಬರೆಯಬಹುದು ಎಂದಿತ್ತು.

ಅವಳು ತಿರುಗಿ ಬೀದಿಯಾಚೆ ನೋಡಿದಳು. ಎದುರಿಗೇ ಬಸ್ ನಿಲ್ದಾಣ. ಗಂಡ ಕ್ಲೈವ್ ಬಿಸ್ಕತ್ತು ಕಾರ್ಖಾನೆಯ ಕೆಲಸಕ್ಕೆ ದಿನವೂ ಬಸ್ಸು ಹತ್ತುವುದು ಅಲ್ಲೇ. ಅವನು ಅಂಥ ಯಂತ್ರ ಮುಟ್ಟದೆ ಹನ್ನೊಂದು ತಿಂಗಳಾಗಿತ್ತು. ಅದಕ್ಕೆ ಮೊದಲು, ಮಗಳ ಜ್ವರಕ್ಕೆ ಔಷಧಿ ತರಲು ಹೋದವನು ಸಂಜೆಯವರೆಗೆ ಆ ಮಿಣುಕು ದೀಪಗಳೆದುರು ಕೂತುಬಿಟ್ಟಿದ್ದ.

ಹೇಜಲ್ ಕಾಗದದ ಸುದ್ದಿಯನ್ನು ಗಂಡನಿಂದ ಮುಚ್ಚಿಟ್ಟಳು. "ಕಾಲುವೆ ಪಕ್ಕ ನಡ್ಕೊಂಡು ಹೋಗಿ ಮುಂದಿನ ನಿಲ್ದಾಣದಲ್ಲಿ ಹತ್ತು, ಕಾಲಿಗೆ ಒಳ್ಳೇದು" ಎಂದಳು. ಅವನು ಒಮ್ಮೆ ಅವಳ ಮುಖ ನೋಡಿ ಆ ದಾರಿ ಹಿಡಿದ. ಹೀಗೇ ಮೂರು ವಾರ ಕಳೆಯಿತು.

ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಎನಿಡ್‌ಳ ಕಣ್ಣಿಂದ ಯಾವುದೂ ತಪ್ಪುವುದಿಲ್ಲ. ಒಂದು ದಿನ ಅವಳು ಹೇಜಲ್‌ಳನ್ನು ತಡೆದಳು. "ಏನೇ ಮಗಳೇ, ಆ ಬ್ಯಾಂಕು ಕಚ್ಚುತ್ತಾ? ಅದನ್ನ ಕಂಡ್ರೆ ಆಚೆ ಬದಿಗೆ ಓಡ್ತೀಯಲ್ಲ."

"ಕಾಗದ ಓದಿದ್ರಾ?"

"ಓದಿದೆ. ನೀನು ಬರೆದ್ಯಾ?"

"ಪುರಸಭೆಯೋರು ಆಗಲೇ ಹೂಂ ಅಂದಿರ್ತಾರೆ. ನಮ್ಮ ಮಾತು ಯಾರಿಗೆ ಬೇಕು?"

"ಗಿರಣಿ ಬೀದೀಲಿ ಇಂಥದ್ದೇ ಒಂದು ಮಳಿಗೆ ಬಂತಲ್ಲ, ಆಗ ನಮ್ಮ ಚರ್ಚಿನೋರು ಇನ್ನೂರು ಸಹಿ ಹಾಕ್ಸಿ ಕೊಟ್ವಿ. ಜೂಜು ಪಾಪ ಅಂತ ಚೆಂದಾಗಿ ಬರೆದಿದ್ವಿ. ಪಾದ್ರಿಗಳೇ ಕೂತು ತಿದ್ದಿದ್ರು."

"ಆಮೇಲೆ?"

"ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ. ಪಾಪ ಪುಣ್ಯ ತೂಗೋ ಅಧಿಕಾರ ಪುರಸಭೆಗಿಲ್ವಂತೆ. ಅವರು ಕೇಳೋದು ಮೂರೇ. ಇದರಿಂದ ಅಪರಾಧ ಹೆಚ್ಚುತ್ತಾ? ಆಟ ನ್ಯಾಯವಾಗಿ ನಡೆಯುತ್ತಾ? ಮಕ್ಕಳಿಗೆ, ಬೇಗ ಸಿಕ್ಕಿಬೀಳೋರಿಗೆ ಕೇಡಾಗುತ್ತಾ? ಹತ್ತಿರ ವಾಸ ಇರೋರು ಇದರ ಬಗ್ಗೆ ಬರೆದ್ರೆ ಅವರು ನೋಡಲೇಬೇಕು."

"ಬರೆದೋರ ಹೆಸರು ಆ ಮಳಿಗೆಯೋರಿಗೆ ಕಾಣುತ್ತಾ?"

"ಕಾಣುತ್ತೆ. ನಿನಗೆ ಸುಳ್ಳು ಯಾಕೆ ಹೇಳ್ಲಿ?"

ಹೇಜಲ್ ಯೋಚಿಸುತ್ತಾ ಮನೆ ಕಡೆ ನಡೆದಳು. ಕ್ಲೈವ್‌ನ ವಿಷಯ ಊರಿಗೆಲ್ಲ ಗೊತ್ತಾದರೆ? ಮಗಳನ್ನು ಶಾಲೆಯಲ್ಲಿ ಆಡಿಕೊಂಡರೆ?

ಆ ಸಂಜೆ ಊಟದ ತಟ್ಟೆಯಲ್ಲಿ ಬಟಾಣಿ ಅತ್ತಿತ್ತ ತಳ್ಳುತ್ತಾ ಕೂತಿದ್ದ ಕ್ಲೈವ್ ತಾನಾಗಿಯೇ ಬಾಯಿಬಿಟ್ಟ. "ಇನ್ನು ನಾಲ್ಕು ದಿನ ಉಳಿದಿದೆ."

"ನೋಡಿದ್ಯಾ ನೀನು?"

"ನಿನಗಿಂತ ಮೊದಲೇ. ಕಾಲುವೆ ದಾರೀಲಿ ಹೊರಡ್ತೀನಿ, ಸುತ್ತು ಹಾಕ್ಕೊಂಡು ಅಲ್ಲಿಗೇ ಬರ್ತೀನಿ ಹೇಜಲ್. ಬಾಗಿಲ ಮುಂದೆ ನಿಂತ್ಕೋತೀನಿ. ಒಳಗಿನ್ನೂ ಏನೂ ಇಲ್ಲ. ಆದ್ರೂ ನಂಗೆ ಆ ಯಂತ್ರಗಳ ಸದ್ದು ಕೇಳುತ್ತೆ." ಅವನು ತಲೆ ಎತ್ತಲಿಲ್ಲ. "ಕಾಗದ ಬರಿ. ನನ್ನ ಹೆಸರಲ್ಲೇ ಬರಿ."

ಇಬ್ಬರೂ ಕೂಡಿ ಬರೆದರು. ಜೂಜು ಬಿಟ್ಟವರು ಪ್ರತಿ ಗುರುವಾರ ಸೇರುವ ಕೋಣೆ ಆ ಬಾಗಿಲಿಂದ ಎರಡೇ ಮನೆ ದೂರ ಎಂದು ಬರೆದರು. ಕ್ಲೈವ್ ತನ್ನ ಕಥೆಯನ್ನು ಒಂದೇ ಪುಟದಲ್ಲಿ ಹೇಳಿದ. ಎನಿಡ್ ತನ್ನ ಕಾಗದದಲ್ಲಿ, ಶಾಲೆ ಬಿಟ್ಟ ಮೇಲೆ ಎಷ್ಟು ಮಕ್ಕಳು ಆ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ತಿಳಿಸಿದಳು.

ಪುರಸಭೆಯ ಸಮಿತಿ ಅವರನ್ನು ಕರೆಸಿ ಕೇಳಿತು. ಪರವಾನಗಿ ಕೊಡುವುದು ಮಾತ್ರ ನಿಲ್ಲಲಿಲ್ಲ, ಸುಮ್ಮಸುಮ್ಮನೆ ಬೇಡವೆನ್ನಲು ಕಾನೂನು ಬಿಡುವುದಿಲ್ಲ. ಆದರೆ ಷರತ್ತುಗಳು ಬಿದ್ದವು. ಹಗಲೂ ರಾತ್ರಿ ತೆರೆದಿರಬೇಕಿದ್ದ ಮಳಿಗೆ ರಾತ್ರಿ ಒಂಬತ್ತಕ್ಕೆ ಮುಚ್ಚಬೇಕು. ಯಂತ್ರಗಳು ಬೀದಿಗೆ ಕಾಣಬಾರದು. ಕಾವಲಿಗೆ ಸದಾ ಇಬ್ಬರಿರಬೇಕು. ಷರತ್ತು ಮುರಿದರೆ ಪರವಾನಗಿಯನ್ನೇ ಮರುಪರಿಶೀಲಿಸಬಹುದು.

ಮಳಿಗೆ ತೆರೆದ ದಿನ ಕ್ಲೈವ್ ಹೆಂಡತಿಯ ಕೈ ಹಿಡಿದು ಬಾಗಿಲವರೆಗೆ ಹೋದ. ಅಲ್ಲಿದ್ದ ಹುಡುಗಿಗೆ ಒಂದು ಭಾವಚಿತ್ರ ಕೊಟ್ಟ. "ಈ ಮನುಷ್ಯ ಬಂದ್ರೆ ಒಳಗೆ ಬಿಡಬೇಡಿ. ಎಷ್ಟು ಬೇಡ್ಕೊಂಡ್ರೂ ಬಿಡಬೇಡಿ."

ಅವಳು ಚಿತ್ರ ನೋಡಿದಳು, ಅವನನ್ನು ನೋಡಿದಳು, ತಮ್ಮನ್ನು ಒಳಗೆ ಬಿಡಬೇಡಿ ಎಂದು ತಾವೇ ಕೇಳಿಕೊಂಡವರ ಪಟ್ಟಿಗೆ ಅವನ ಹೆಸರು ಸೇರಿಸಿಕೊಂಡಳು.

ಹೇಜಲ್‌ಳ ಭಯ ಪೂರ್ತಿ ಹೋಗಿಲ್ಲ. ಆದರೆ ಈಗ ಅದನ್ನು ಅವಳೊಬ್ಬಳೇ ಹೊರುತ್ತಿಲ್ಲ.

ನಿಮ್ಮ ಬೀದಿಗೂ ಇಂಥ ಮಳಿಗೆ ಬರಬಹುದು. ಗಡುವು ಮುಗಿಯುವ ಮೊದಲೇ ಪುರಸಭೆಗೆ ಬರೆಯಿರಿ. ಬೈಗುಳ ಬೇಡ, ಉಪದೇಶವೂ ಬೇಡ. ನೀವು ಕಣ್ಣಾರೆ ಕಂಡದ್ದನ್ನು ಬರೆದು ಕೆಳಗೆ ನಿಮ್ಮ ಹೆಸರು ಹಾಕಿ. ಸೊಟ್ಟ ಅಕ್ಷರವನ್ನೂ ಅವರು ಓದಲೇಬೇಕು.