ನಾಗ ಕ್ಷಮೆ ಕೇಳಲು ಬಂದ ಬೆಳಿಗ್ಗೆ

ನನ್ನ ಅಕ್ಕ ಸಮ್ರಾನ್ ಹಂದಿ ಕಡಿಯುವವಳು. ನಮ್ಮೂರ ಸಂತೆಗೆ ಬೆಳಗಿನ ಮಾಂಸ ಅವಳ ಕೈಯಿಂದಲೇ ಹೋಗಬೇಕು. ಗಂಡ ಸತ್ತ ಮೇಲೆ ಅವನ ಕತ್ತಿಯನ್ನೇ ಎತ್ತಿಕೊಂಡು ಒಬ್ಬನೇ ಮಗನನ್ನು ಸಾಕಿದಳು. ಕಾಲು ಕಟ್ಟಿದ ಹಂದಿಯ ಪಕ್ಕೆಗೆ ಮೊಣಕಾಲು ಊರಿ, ಕೊಡಲಿಯ ಹಿಂಬದಿಯಿಂದ ತಲೆಗೊಂದು ಬಾರಿಸಿ, ಅದು ಕಣ್ಣು ಮೇಲೆ ಮಾಡುವಷ್ಟರಲ್ಲಿ ಗಂಟಲು ಸೀಳುತ್ತಿದ್ದಳು. ಮೈಯೆಲ್ಲ ರಕ್ತವಾದ ಅದೇ ಬಟ್ಟೆಯಲ್ಲಿ ಕೂತು ಅನ್ನ ತಿನ್ನುವ ಗಟ್ಟಿ ಹೆಂಗಸು. ಅಂಥವಳಿಗೂ ಒಂದು ಭಯವಿತ್ತು. ಸತ್ತ ಮೇಲೆ ತಾನು ಎಲ್ಲಿಗೆ ಹೋಗುತ್ತೇನೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಆ ನರಕದಿಂದ ಪಾರಾಗಲು ದಾರಿ ಒಂದೇ. ಮಗ ಸುರಿಯಾ ಒಂದು ಮಳೆಗಾಲದ ಮಟ್ಟಿಗಾದರೂ ಭಿಕ್ಷುವಾಗಬೇಕು, ಅವನ ಕಾವಿಯ ಅಂಚು ಹಿಡಿದು ಇವಳು ಮೇಲಕ್ಕೆ ಹೋಗಬೇಕು. ನಮ್ಮಲ್ಲಿ ಗಂಡುಮಕ್ಕಳನ್ನು ಹೆತ್ತ ತಾಯಂದಿರೆಲ್ಲ ನಂಬುವುದು ಇದನ್ನೇ. ಉಳಿದವರಿಗೆ ಅದು ಆಸೆ, ಅಕ್ಕನಿಗೆ ಹಾಗಲ್ಲ. ‘ಅಷ್ಟು ಹಂದಿಗಳೂ ಅಲ್ಲಿ ಬಾಗಿಲಲ್ಲಿ ಕಾಯ್ತಾ ಇರ್ತಾವೆ ಕಣೆ ಬುವಾಲಾಯ್’ ಎಂದು ನನ್ನ ಕೈ ಹಿಡಿದುಕೊಂಡು ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಪಕ್ಕದ ಮನೆ ನಮ್ಮದು. ನನ್ನ ಗಂಡ ತೋರ್ಬೆನ್ ಡೆನ್ಮಾರ್ಕಿನವನು. ಅಲ್ಲಿ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಮಾಡಿಕೊಂಡಿದ್ದು, ವಯಸ್ಸಾದ ಮೇಲೆ ಇಲ್ಲಿಗೆ ಬಂದು ನನ್ನನ್ನು ಕಟ್ಟಿಕೊಂಡ. ಊರಿನವರು ಎದುರಿಗೆ ‘ಮಾವ’ ಅನ್ನುತ್ತಾರೆ, ಬೆನ್ನ ಹಿಂದೆ ‘ಕೆಂಪು ಮೂತಿ ಫರಂಗಿ’ ಅನ್ನುತ್ತಾರೆ. ಮನುಷ್ಯ ಒಳ್ಳೆಯವನು. ಸುರಿಯಾಗೆ ವೆಲ್ಡಿಂಗ್ ಕಲಿಸಿದವನೇ ಅವನು. ಆದರೆ ಅವನಿಗೆ ಸದ್ದು ಆಗದು. ಹುಂಜ ಕೂಗಿದರೆ ಬಯ್ಯುತ್ತಾನೆ, ಊರ ಮುಖಂಡ ಬೆಳಿಗ್ಗೆ ಮೈಕಿನಲ್ಲಿ ಮಾತಾಡಿದರೆ ಬಯ್ಯುತ್ತಾನೆ. ಹೆಣ ಕೂಡ ಸದ್ದಿಲ್ಲದೆ ಹೋಗದ ಊರಿಗೆ ಬಂದು ಮನೆ ಕಟ್ಟಿಕೊಂಡದ್ದು ಅವನ ಹಣೆಬರಹ.

ಸುರಿಯಾನ ದೀಕ್ಷೆ ನಿಶ್ಚಯವಾಯಿತು. ತಲೆ, ಹುಬ್ಬು ಎಲ್ಲ ಬೋಳಿಸಿ ಬಿಳಿ ಬಟ್ಟೆ ಉಡಿಸಿದರು. ಹಾಗೆ ಬೋಳಿಸಿದ ಮೇಲೆ, ಕಾವಿ ಮೈಗೆ ಬೀಳುವ ತನಕ, ಹುಡುಗನನ್ನು ನಾಗ ಅನ್ನುತ್ತೇವೆ. ಆ ನಡುವಿನ ಹೊತ್ತು ಕೆಟ್ಟದ್ದು. ಏನಾದರೊಂದು ಮಾಡಿ ಅವನನ್ನು ಕೆಡಿಸಲು ಮಾರ ಬಂದೇ ಬರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಅಕ್ಕ ಮಗನನ್ನು ಮೆಟ್ಟಿಲು ಇಳಿಯಲೂ ಬಿಡಲಿಲ್ಲ. ಅಂಗಳದಲ್ಲಿ ಆಳೆತ್ತರದ ಸ್ಪೀಕರುಗಳು ಬಂದು ಕೂತವು. ಹಾಡು ಶುರುವಾದರೆ ನಮ್ಮ ಮನೆಯ ಗಾಜಿನ ಲೋಟಗಳು ನಡುಗುತ್ತಿದ್ದವು.

ತೋರ್ಬೆನ್ ಒಂದು ದಿನ ತಡೆದುಕೊಂಡ. ಮರುದಿನ ಮಧ್ಯಾಹ್ನ, ನೆಂಟರೆಲ್ಲ ಚಾಪೆಯ ಮೇಲೆ ಊಟಕ್ಕೆ ಕೂತಿದ್ದಾಗ, ಬರಿಮೈಯಲ್ಲಿ ಚಡ್ಡಿ ತೊಟ್ಟು ಬಂದ. ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ.

“ಸಾಕು! ನಾನು ಮನುಷ್ಯ ಅಲ್ವಾ? ನನಗೆ ನಿದ್ದೆ ಬೇಡ್ವಾ?” ಎಂದು ಕೂಗಿ ಕರೆಂಟಿನ ತಂತಿಯನ್ನು ಹಿಡಿದು ಕಚಕ್ಕೆಂದು ಕತ್ತರಿಸಿದ. ಕಿಡಿ ಹಾರಿತು. ಸಾಲದ್ದಕ್ಕೆ ಸ್ಪೀಕರಿಗೆ ಕಾಲಿನಿಂದ ಒದ್ದ.

ಯಾರೂ ಬಯ್ಯಲಿಲ್ಲ. ಎಲ್ಲರೂ ನಕ್ಕರು. ಊರ ಮುಖಂಡ ನಕ್ಕ, ಅಕ್ಕ ನಕ್ಕಳು, ಸ್ಪೀಕರಿನ ಯಜಮಾನ ಜೋಯ್ ಎಲ್ಲರಿಗಿಂತ ಅಗಲವಾಗಿ ನಕ್ಕ. ನಾನು ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ.

ಮನೆಗೆ ಬಂದ ಗಂಡ ಗೆದ್ದವನ ಹಾಗಿದ್ದ. “ನೋಡ್ದೆಯಾ? ನಗ್ತಾ ಇದ್ರು. ಅರ್ಥ ಆಯ್ತು ಅವ್ರಿಗೆ.”

“ಅದು ನಗು ಅಲ್ಲ ಕಣಯ್ಯಾ! ನೆಂಟರ ಎದುರಿಗೆ ಮಾನ ಕಳ್ದೆ, ಕಾಲಲ್ಲಿ ಒದ್ದೆ. ನಮ್ಮೋರು ಹಾಗೆ ನಕ್ರು ಅಂದ್ರೆ ಬಾಗಿಲು ಭದ್ರ ಮಾಡ್ಕೋಬೇಕು.”

ಅವನ ಮುಖ ಬೆಳ್ಳಗಾಯಿತು. ಸಂಜೆ ಜೋಯ್ ನಮ್ಮ ಗೇಟಿನ ಎದುರು ಬೈಕು ನಿಲ್ಲಿಸಿ ಸುಮ್ಮನೆ ಗುರ್ ಗುರ್ ಅನ್ನಿಸಿ ಹೋದ. ತೋರ್ಬೆನ್ ಕೆಲಸದ ಮನೆಯಿಂದ ಕಬ್ಬಿಣದ ಕೊಳವೆಯೊಂದನ್ನು ತಂದು ಬಾಗಿಲ ಹಿಂದೆ ಇಟ್ಟುಕೊಂಡ.

ಅತ್ತ ಅಕ್ಕನ ಮನೆಯಲ್ಲಿ ಹುಡುಗರು ಕುದಿಯುತ್ತಿದ್ದರು. ಜೋಯ್ ಬಾಟಲಿ ಎತ್ತಿ ಕುಡಿದು ಬಾಯಿ ಒರೆಸಿಕೊಂಡ. “ಸಮ್ರಾನಮ್ಮ, ನೀವು ಹೂಂ ಅನ್ನಿ. ಆ ಮುದುಕನ್ನ ಎತ್ಕೊಂಡೋಗಿ ಕೆರೆಗೆ ಹಾಕಿ ಬರ್ತೀವಿ.”

ಅಕ್ಕ ಅವನ ಕಪಾಳಕ್ಕೆ ಒಂದು ಬಿಟ್ಟಳು. ಹಂದಿ ಹಿಡಿಯುವ ಕೈ ಅದು, ಅವನು ಕೂತಲ್ಲೇ ವಾಲಿದ.

“ನನ್ ಮಗ ಕಾವಿ ಉಡೋ ತನಕ ಈ ಅಂಗಳದಲ್ಲಿ ಯಾರೂ ಸೊಳ್ಳೆ ಕೂಡ ಹೊಡೀಬಾರ್ದು.”

“ಆಮೇಲೆ?”

“ಆಮೇಲೆ ನೀನುಂಟು, ಆ ಕೆಂಪು ಮೂತಿ ಉಂಟು. ನನ್ನ ಕೇಳ್ಬೇಡ.”

ಮಠಕ್ಕೆ ಹೋಗುವ ಮುಂಚೆ ನಾಗನಾದವನು ಹೂವು, ಮೇಣದ ಬತ್ತಿ ಇಟ್ಟ ತಟ್ಟೆ ಹಿಡಿದು ಹಿರಿಯರ ಕಾಲ ಬಳಿ ಕೂತು, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳಬೇಕು. ಯಾರ ಮನಸ್ಸಿನಲ್ಲೂ ಕಹಿ ಉಳಿಯಬಾರದು. ಉಳಿದರೆ ಪುಣ್ಯ ಸೋರಿಹೋಗುತ್ತದೆ. ಅದಕ್ಕೇ ಅಕ್ಕ ಹೇಳಿದಳು: “ಬೆಳಿಗ್ಗೆ ಎಲ್ಲಕ್ಕಿಂತ ಮೊದ್ಲು ಫರಂಗಿ ಮನೆಗೆ ಹೋಗ್ಲಿ. ಗುರು ಅಲ್ವಾ, ಕೆಲಸ ಕಲ್ಸಿದ್ದಾನೆ.” ಸುರಿಯಾ ಸಂತೋಷದಿಂದ ತಲೆಯಾಡಿಸಿದ. “ಮಾವನ್ನ ನಾನೇ ಸರಿ ಮಾಡ್ತೀನಿ ಚಿಕ್ಕಮ್ಮ” ಎಂದು ನನಗೂ ಹೇಳಿದ.

ನಾನು ಬೆಳಿಗ್ಗೆ ಅಕ್ಕನ ಹಿತ್ತಲಲ್ಲಿ ಅನ್ನದ ಬುಟ್ಟಿಗಳನ್ನು ಹಬೆಗೆ ಇಡುತ್ತಿದ್ದೆ. ಮೆರವಣಿಗೆ ಹೊರಡುವ ಮುಂಚೆ ಮನೆಗೆ ಹೋಗಿ ಗಂಡನಿಗೆ ಹೇಳಿದರಾಯಿತು ಅಂದುಕೊಂಡಿದ್ದೆ. ಆದರೆ ಕುಡಿದ ಹುಡುಗರಿಗೆ ಹೊತ್ತುಗೊತ್ತು ಎಲ್ಲಿಯದು? ನಾಗನ ಕಾಲು ನೆಲಕ್ಕೆ ತಾಗಬಾರದೆಂದು ಜೋಯ್ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡ. ಡೋಲು ಬಡಿದರು, ತಾಳ ತಟ್ಟಿದರು, ಕುಣಿಯುತ್ತ ಕೇಕೆ ಹಾಕುತ್ತ ಹೊರಟೇ ಬಿಟ್ಟರು. ಸದ್ದು ಮಾಡಿದ್ದಕ್ಕೆ ಕ್ಷಮೆ ಕೇಳಲು ಡೋಲು ಬಡಿದುಕೊಂಡು ಹೋಗುವ ಜನ ನಾವು. ಅದು ತಪ್ಪೆಂದು ಒಬ್ಬನಿಗೂ ಹೊಳೆಯಲಿಲ್ಲ, ಈಗಲೂ ಕೆಲವರಿಗೆ ಹೊಳೆದಿಲ್ಲ.

ಡೋಲು ನಮ್ಮ ಮನೆಯ ಕಡೆ ತಿರುಗಿದ್ದು ಕೇಳಿ ನಾನು ಕೈಯಲ್ಲಿದ್ದದ್ದನ್ನು ಬಿಸಾಡಿ ಓಡಿದೆ. ನನ್ನ ಹಿಂದೆ ಅಕ್ಕ. ಗೇಟು ಹಾರುಹೊಡೆದಿತ್ತು. ಅಂಗಳದ ತುಂಬ ಜನ. ಸುರಿಯಾ ಹೆಗಲಿನಿಂದ ಇಳಿದು, ತಟ್ಟೆ ಹಿಡಿದು, ಮೊಣಕಾಲ ಮೇಲೆ ತೆವಳುತ್ತ ತೋರ್ಬೆನ್ ಕಡೆ ಹೋಗುತ್ತಿದ್ದ. ಮೆಟ್ಟಿಲ ಮೇಲೆ ನನ್ನ ಗಂಡ ಕೊಳವೆ ಹಿಡಿದು ನಿಂತಿದ್ದ. ನಿದ್ದೆಯಿಲ್ಲದ ಕಣ್ಣು, ಬಾಯಿಯಲ್ಲಿ ಅವನ ಭಾಷೆ. ಮುಂದೆ ಬಂದರೆ ಹೊಡೆಯುತ್ತೇನೆ ಅನ್ನುತ್ತಿದ್ದ, ಅದು ನನಗೊಬ್ಬಳಿಗೇ ಅರ್ಥವಾಯಿತು. “ನಿಲ್ಲೋ ಸುರಿಯಾ!” ಎಂದು ಕಿರುಚಿದೆ. ಡೋಲಿನಲ್ಲಿ ಯಾರಿಗೆ ಕೇಳಬೇಕು? ಜೋಯ್ ನಗುತ್ತ ಮೆಟ್ಟಿಲು ಹತ್ತಿ ಗಂಡನ ತೋಳಿಗೆ ಕೈ ಹಾಕಿದ, ಹೂವು ತೆಗೆದುಕೊಳ್ಳಲಿ ಎಂದು ಕೂರಿಸಲು. ತೋರ್ಬೆನ್ ಕಣ್ಣು ಮುಚ್ಚಿಕೊಂಡು ಬೀಸಿದ.

ಜೋಯ್ ತಪ್ಪಿಸಿಕೊಂಡ. ಕೊಳವೆ ಮೆಟ್ಟಿಲ ಬುಡಕ್ಕೆ ಬಂದಿದ್ದ ಸುರಿಯಾನ ಬೋಳುತಲೆಗೆ ಬಿತ್ತು.

ನಮ್ಮಲ್ಲಿ ಮಕ್ಕಳ ತಲೆಯನ್ನು ಕೂಡ ಸುಮ್ಮನೆ ಮುಟ್ಟುವುದಿಲ್ಲ. ಅದರಲ್ಲೂ ಅದು ನಾಗನ ತಲೆ. ಕಿವಿಯ ಮೇಲಿನಿಂದ ಹಣೆಯ ತನಕ ಚರ್ಮ ಬಿಟ್ಟುಕೊಂಡು ರಕ್ತ ಬಿಳಿ ಬಟ್ಟೆಗೆ ಸುರಿಯಿತು. ಡೋಲು ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ನುಗ್ಗಿದರು.

ನನ್ನ ಗಂಡನನ್ನು ಮೆಟ್ಟಿಲಿನಿಂದ ಕಾಲು ಹಿಡಿದು ಎಳೆದರು, ತಲೆ ಒಂದೊಂದು ಮೆಟ್ಟಿಲಿಗೂ ಬಡಿಯಿತು. ಡೋಲು ಬಡಿಯುತ್ತಿದ್ದ ಕೋಲಿನಲ್ಲೇ ಬಾಯಿಗೆ ಹೊಡೆದರು, ಹಲ್ಲು ಹಾರಿ ನನ್ನ ಕಾಲ ಬಳಿ ಬಿದ್ದವು. ಎದೆಯ ಮೇಲೆ ಹತ್ತಿ ಕುಣಿದರು. ಅವನಿಂದ ತಮ್ಮ ಬೇಲಿಗೆ ಬೆಸುಗೆ ಹಾಕಿಸಿಕೊಂಡವರು, ಅವನ ಬಿಯರ್ ಕುಡಿದವರು, ಎಲ್ಲರೂ ಒದ್ದರು. ದಿನಾ ನಮಸ್ಕಾರ ಹೇಳುತ್ತಿದ್ದ ತರಕಾರಿಯವಳು ಚಪ್ಪಲಿ ತೆಗೆದು ಹೊಡೆದಳು. ಅಷ್ಟು ವರ್ಷದ ನಗುವಿನ ಹಿಂದೆ ಇಷ್ಟೊಂದು ಏಟು ಕೂಡಿಟ್ಟಿದ್ದಿರಾ ಎಂದು ನಾನು ಅವರನ್ನು ಕಚ್ಚಿದೆ, ಪರಚಿದೆ. ಯಾರೋ ನನ್ನ ಜುಟ್ಟು ಹಿಡಿದು ಬೇಲಿಗೆ ಎಸೆದರು.

ಆಗ ಅಕ್ಕ ಜನರ ಕಾಲುಗಳ ನಡುವೆ ನುಗ್ಗಿ ತೋರ್ಬೆನ್ ಮೇಲೆ ಅಡ್ಡ ಬಿದ್ದಳು. ಅವನ ಮೇಲಿನ ಪ್ರೀತಿಗಲ್ಲ.

“ಇವತ್ತು ಕೊಲ್ಬೇಡ್ರೋ! ನಾಳೆ ಕೊಲ್ರೋ ಸೂಳೆಮಕ್ಕಳಾ, ನಾಳೆ! ಇವತ್ತು ನನ್ ಮಗ ಕಾವಿ ಉಡ್ಬೇಕು!”

ಸುರಿಯಾ ಎದ್ದಿದ್ದ. ಎರಡು ಕಣ್ಣಿಗೂ ರಕ್ತ ಇಳಿದಿತ್ತು. ಬಿದ್ದಿದ್ದ ಕೊಳವೆ ಕೈಗೆ ಸಿಕ್ಕಿತು. ಹುಡುಗ ಯಾವತ್ತೂ ಜಗಳಗಂಟನಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಗಂಟಲಿನಿಂದ ಬಂದ ಸದ್ದು ಮನುಷ್ಯನದಾಗಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಕೆಳಗೆ ಬಿದ್ದವನ ಕಡೆ ಇಳಿಸಿದ. ಬೇಲಿಯ ಬುಡದಿಂದ ನಾನು ಅದನ್ನು ಕಣ್ಣಾರೆ ನೋಡಿದೆ. ಏಟು ಅಕ್ಕನ ಹಿಂದಲೆಗೆ ಬಿತ್ತು. ಮತ್ತೊಂದು ಏಟಿಗೆ ಎತ್ತಿದವನು, ತಾಯಿಯ ಕೈಬಳೆ ನೋಡಿ ನಿಂತ.

ಎಲ್ಲರೂ ಹಿಂದೆ ಸರಿದರು. ನಾನು ತೆವಳಿಕೊಂಡು ಹೋಗಿ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೈಗೆ ಮೂಳೆ ಮೆತ್ತಗೆ ಸಿಕ್ಕಿತು. ಅಷ್ಟು ತಲೆಗಳನ್ನು ಒಡೆದವಳಿಗೆ ತನ್ನ ತಲೆಗೆ ಏನಾಗಿದೆ ಎಂದು ಯಾರೂ ಹೇಳಬೇಕಿರಲಿಲ್ಲ.

“ಯಾರು ಹೊಡೆದ್ರು?” ಅಂದಳು.

ಸುರಿಯಾ “ಅಮ್ಮಾ” ಅಂದ. ಅವಳಿಗೆ ಗೊತ್ತಾಯಿತು.

ತಾಯಿಯನ್ನು ಕೊಂದವನಿಗೆ ಕಾವಿ ಇಲ್ಲ. ಕಳ್ಳನಿಗೆ, ಕುಡುಕನಿಗೆ, ಜೈಲಿನಿಂದ ಬಂದವನಿಗೆ ಕೂಡ ಮಠದ ಬಾಗಿಲು ತೆರೆದೀತು, ಅವನಿಗೆ ತೆರೆಯುವುದಿಲ್ಲ. ಇದು ನಮ್ಮೂರಿನ ಕೂಸಿಗೂ ಗೊತ್ತು. ಅಕ್ಕ ನನ್ನ ಕೊರಳಿಗೆ ಕೈ ಹಾಕಿ ಬಗ್ಗಿಸಿಕೊಂಡಳು.

“ಫರಂಗಿ ಹೊಡ್ದ ಅನ್ನು.”

“ಅಕ್ಕಾ, ಸುಮ್ನಿರು. ಆಸ್ಪತ್ರೆ ಗಾಡಿ ಬರ್ತಾ ಇದೆ.”

“ನನ್ ಮಗನ್ನ ಹೊಡೆದಿದ್ದಾನೆ, ಎಲ್ರೂ ನೋಡಿದ್ದಾರೆ. ಒಂದಿದ್ದದ್ದು ಎರಡು ಅಂತಾರೆ. ಮುದುಕ ಅವ್ನು, ಅವನ ದೇಶದೋರು ಬಂದು ಬಿಡಿಸ್ಕೊಂಡು ಹೋಗ್ತಾರೆ. ನಂಗ್ಯಾರೆ ಬರ್ತಾರೆ ಅಲ್ಲಿ?”

ಜೋಯ್ ಸುತ್ತ ನೋಡಿ ಗಟ್ಟಿಯಾಗಿ ಹೇಳಿದ: “ಫರಂಗಿನೇ ಹೊಡ್ದಿದ್ದು. ನಾವೆಲ್ಲ ನೋಡಿದ್ವಿ.” ಊರ ಮುಖಂಡ ತಲೆಯಾಡಿಸಿದ. ಒಬ್ಬೊಬ್ಬರಾಗಿ ಎಲ್ಲರೂ ತಲೆಯಾಡಿಸಿದರು. ಸುರಿಯಾ ನೆಲ ನೋಡುತ್ತಿದ್ದ.

ಪೇಟೆಯ ಆಸ್ಪತ್ರೆಯಲ್ಲಿ ಇಬ್ಬರನ್ನೂ ಎದುರುಬದುರು ಕೋಣೆಗಳಲ್ಲಿ ಮಲಗಿಸಿದರು. ಗಂಡನ ಮುಖ ಊದಿ ಒಂದು ಕಣ್ಣು ಕಾಣುತ್ತಿರಲಿಲ್ಲ, ಮುರಿದ ಪಕ್ಕೆಗೆ ಪಟ್ಟಿ ಬಿಗಿದಿದ್ದರು. ನನ್ನ ಬೆರಳು ಹಿಡಿದುಕೊಂಡು ಕೇಳಿದ: “ನನ್ನ ಕೊಲ್ಲೋಕೆ ಯಾಕೆ ಬಂದ್ರು?”

“ಕೊಲ್ಲೋಕಲ್ಲ. ಕ್ಷಮೆ ಕೇಳೋಕೆ ಬಂದಿದ್ರು. ಹುಡುಗ ನಿನ್ನ ಕಾಲಿಗೆ ಬೀಳೋಕೆ ಬಂದಿದ್ದ.”

“ಮತ್ತೆ ಡೋಲು ಯಾಕೆ?” ಅಂದ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ಮಗುವಿನ ಹಾಗೆ ಅತ್ತ. ಅವನ ಮೇಲೆ ಸಿಟ್ಟು ಬಂತು, ಕತ್ತು ಹಿಸುಕುವಷ್ಟು. ಅಷ್ಟೇ ಅಯ್ಯೋ ಅನ್ನಿಸಿತು.

ಇನ್‌ಸ್ಪೆಕ್ಟರ್ ಬಂದಾಗ ಅಕ್ಕನಿಗೆ ಮಾತು ನಿಂತಿತ್ತು. ಕಣ್ಣು ತೆರೆದೇ ಇತ್ತು. ಊರಿನವರು ಗೋಡೆಯುದ್ದಕ್ಕೂ ನಿಂತಿದ್ದರು. ಸುರಿಯಾ ತಲೆಗೆ ಪಟ್ಟಿ ಕಟ್ಟಿಕೊಂಡು, ಅದೇ ಬಿಳಿ ಬಟ್ಟೆಯಲ್ಲಿ, ತಾಯಿಯ ಕಾಲ ಬಳಿ ಕೂತಿದ್ದ. ಒಬ್ಬೊಬ್ಬರೂ ಒಂದೇ ಮಾತು ಹೇಳಿದರು. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದ.

“ನೀವು ಹೆಂಡ್ತಿ ಅಂತ ಗೊತ್ತು. ಆದ್ರೂ ಕೇಳ್ಬೇಕು. ಈಯಮ್ಮನ್ನ ಹೊಡೆದದ್ದು ಯಾರು?”

ಅಕ್ಕನ ಕೈ ನನ್ನ ಕೈಯಲ್ಲಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ತಾಯಿ ಸತ್ತ ಮೇಲೆ ನನಗೆ ತುತ್ತು ತಿನ್ನಿಸಿದ ಕೈ ಅದು. ಒಂದು ಮಾತು ಹೇಳಿದರೆ ಅವಳು ನಿಶ್ಚಿಂತೆಯಿಂದ ಹೋಗುತ್ತಿದ್ದಳು. ಎದುರು ಕೋಣೆಯಿಂದ ಗಂಡ ನರಳುವುದು ಕೇಳುತ್ತಿತ್ತು. ಪರದೇಶದ ಜೈಲಿನಲ್ಲಿ ಆ ಮುದುಕ ಸಾಯುತ್ತಾನೆ, ಯಾಕೆಂದು ಕೂಡ ಗೊತ್ತಾಗದೆ ಸಾಯುತ್ತಾನೆ ಅನ್ನಿಸಿತು. ನಾನು ಧರ್ಮಕ್ಕೆ ಹೆದರಿದವಳಲ್ಲ, ಸತ್ಯದ ಮೇಲೆ ನನಗೆ ದೊಡ್ಡ ಪ್ರೀತಿಯೂ ಇಲ್ಲ. ಅವನನ್ನು ಬಿಟ್ಟುಕೊಡಲು ಆಗಲಿಲ್ಲ, ಅಷ್ಟೇ.

“ಅವಳ ಮಗ” ಅಂದೆ.

ಜೋಯ್ ನನ್ನ ಮುಖಕ್ಕೆ ಉಗಿದ. ಸುರಿಯಾ ತಾಯಿಯ ಪಾದಕ್ಕೆ ಹಣೆ ಹಚ್ಚಿ ಹೌದು ಹೌದು ಎಂದು ಅಳತೊಡಗಿದ. ಅಕ್ಕ ನನ್ನ ಕೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಸಂಜೆಯ ತನಕ ಜೀವ ಇತ್ತು, ಅಷ್ಟೂ ಹೊತ್ತು ಅವಳು ಬಾಗಿಲ ಕಡೆ ನೋಡುತ್ತ ನಡುಗುತ್ತಿದ್ದಳು.