ವಿನೆ ಎಂದರೆ ಸ್ನೇಹಿತ

ಫ್ರೀಜರ್ ಪೆಟ್ಟಿಗೆಯ ಗಾಜಿನ ಮುಚ್ಚಳದ ಒಂದು ಅಂಚನ್ನು ಯಾರೋ ರೇವತಿಯ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊಳಿ ಮೇಡಂ," ಎಂದರು. ಲಿಂಗರಾಜಪುರದ ಆ ಮನೆಯ ವರಾಂಡಕ್ಕೆ ಅವಳು ಕಾಲಿಟ್ಟು ನಿಮಿಷವೂ ಆಗಿರಲಿಲ್ಲ. ನಾಲ್ಕು ಜನ ಲಕ್ಷ್ಮಿಕಾಂತ ಮೇಷ್ಟ್ರ ದೇಹವನ್ನು ಎತ್ತಿ ಒಳಗೆ ಒಯ್ದು ಚಾಪೆಯ ಮೇಲೆ ಮಲಗಿಸಿದರು. ಎಷ್ಟೋ ವರ್ಷಗಳ ಮೇಲೆ ಅವಳು ನೋಡಿದ್ದು ಮೊದಲು ಅವರ ಪಾದಗಳನ್ನು. ಮುಖ ನೋಡಲು ಧೈರ್ಯ ಸಾಲಲಿಲ್ಲ.

ಸುದ್ದಿ ಬಂದಿದ್ದು ಹತ್ತನೇ ಕ್ಲಾಸಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ. 'ನಮ್ ಕುಡುಕ ಇಂಗ್ಲಿಷ್ ಮೇಷ್ಟ್ರು ಹೋಗ್ಬಿಟ್ರಂತೆ.' ಕೆಳಗೆ ಕೈಮುಗಿದ ಚಿತ್ರಗಳು, ಹದಿನಾರು. ರೇವತಿ ಇನ್ಶೂರೆನ್ಸ್ ಆಫೀಸಿಗೆ ರಜೆ ಹಾಕಿ, ಕಮ್ಮನಹಳ್ಳಿಯಿಂದ ಆಟೋ ಹಿಡಿದು ಬಂದಿದ್ದಳು.

ವ್ಯಾನ್ ಬರುವುದು ತಡವಾಯಿತು. ಗೇಟಿನ ಬಳಿ ಮೇಷ್ಟ್ರ ತಮ್ಮನ ಮಗ ವಿಕ್ರಮ್ ಪಕ್ಕದ ಮನೆಯವರಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. "ಲಿವರ್ ಹೋಗಿತ್ತು. ದೊಡ್ಡಪ್ಪಂಗೆ ಮೊದ್ಲಿಂದ್ಲೂ ಆ ಅಭ್ಯಾಸ ಇತ್ತಂತಲ್ಲ. ಅದಕ್ಕೇ ಅಲ್ವಾ ಸ್ಕೂಲಿಂದ ತೆಗೆದಿದ್ದು?"

"ಯಾವ ಅಭ್ಯಾಸ?" ಎಂದು ಕುರ್ಚಿಯಲ್ಲಿ ಕೂತಿದ್ದ ಮುದುಕರೊಬ್ಬರು ತಟ್ಟನೆ ತಿರುಗಿದರು. ಶಿವಾಜಿನಗರದಲ್ಲಿ ಹಳೇ ಪುಸ್ತಕದ ಅಂಗಡಿ ಇಟ್ಟಿದ್ದ ಹಾಶಿಮ್. "ಅರೆ, ನಮ್ ಅಂಗಡೀಲಿ ಕೂತು ಕೂತು ನಮ್ ಸ್ಟೂಲ್ ಸವೀತು ರೀ. ಚಾ ಬಿಟ್ಟು ಬೇರೆ ಏನೂ ಮುಟ್ಟಿದವ್ರಲ್ಲ. ಕುಡೀದೆ ಇರೋವ್ರಿಗೂ ಲಿವರ್ ಹೋಗುತ್ತೆ. ಅವ್ರಿಗೆ ಹುಚ್ಚಿದ್ದಿದ್ದು ಮಾತಿಂದು. ಸಾವಿರ ವರ್ಷದ ಹಿಂದೆ ಇಂಗ್ಲಿಷಿನವ್ರು ಕುಡಿಯೋದಕ್ಕೆ ಏನಂತಿದ್ರು, ಬಟ್ಟಲಿಗೆ ಏನಂತಿದ್ರು... ಅದೇ ಹುಚ್ಚು."

ರೇವತಿ ಗೇಟಿಗೆ ಬೆನ್ನು ಮಾಡಿ ನಿಂತಳು.

*

ಪಾಠ ಬೇಗ ಮುಗಿದ ದಿನ ಮೇಷ್ಟ್ರು ಬೋರ್ಡ್ ಒರೆಸಿ, ಸೀಮೆಸುಣ್ಣವನ್ನು ಮುರಿದು, "ಬನ್ನಿ, ಸಾವಿರ ವರ್ಷ ಹಿಂದಕ್ಕೆ ಹೋಗೋಣ," ಎನ್ನುತ್ತಿದ್ದರು. ಜೇನಿನ ಹೆಂಡ ಕುಡಿಯುತ್ತ ಯೋಧರು ಕೂರುತ್ತಿದ್ದ ಹಲಗೆ ಮೆಡುಬೆಂಚ್. ಡ್ರೀಮ್ ಅಂದರೆ ಆಗ ಕನಸಲ್ಲ, ಆ ಬೆಂಚಿನ ಮೇಲಿನ ಗದ್ದಲದ ಸಂತೋಷ.

ಅವತ್ತು ಬೋರ್ಡಿನ ಮೇಲೆ ಡಬ್ಲ್ಯೂ, ಐ, ಎನ್, ಇ ಎಂದು ಬರೆದು, "ಏನಿದು?" ಎಂದರು.

"ವೈನ್ ಸಾರ್!" ಎಂದು ಕ್ಲಾಸೇ ಕೂಗಿತು.

"ಅಲ್ಲ. ಅವರ ಬಾಯಲ್ಲಿ ಅದು ವಿನೆ. ಅಂದ್ರೆ ಸ್ನೇಹಿತ. ಕುಡಿಯೋದು ವೀನ್. ಬೇರೆ ಮಾತು. ನೋಡಿ, ಸ್ನೇಹಿತನ ಅಕ್ಷರ ಹಾಗೇ ಉಳೀತು, ಒಳಗೆ ಹೆಂಡ ಬಂದು ಕೂತ್ಕೊಂಡ್ತು."

ಮಕ್ಕಳು ನಕ್ಕರು. ರೇವತಿಯೂ ನಕ್ಕು, ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಇಂಗ್ಲಿಷ್ ಅಕ್ಷರ ಬರೆದು, ಮುಂದೆ 'ಸ್ನೇಹಿತ' ಎಂದು ಬರೆದುಕೊಂಡಳು.

ಅದು ಅಮ್ಮನ ಕಣ್ಣಿಗೆ ಬಿತ್ತು. ಅನಸೂಯಮ್ಮನಿಗೆ ಅದನ್ನು ವೈನ್ ಎಂದು ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಕೆ.ಆರ್. ಪುರಂ ಕಡೆಯ ಕಾರ್ಖಾನೆಯಿಂದ ಗಂಡ ಪ್ರತಿ ಸಂಜೆ ಗೋಡೆ ಹಿಡಿದುಕೊಂಡು ಬರುವ ಮನೆ ಅದು. "ವೈನ್ ಸ್ನೇಹಿತನಾ? ಇದನ್ನಾ ಕಲಿಸೋದು ನಿಮ್ಗೆ?" ಎಂದವಳು ಮಾರನೆಯ ದಿನವೇ ಮಗಳನ್ನು ಎಳೆದುಕೊಂಡು ಹೆಡ್‌ಮಿಸ್ಟ್ರೆಸ್ ಮುಂದೆ ನಿಂತು, ಮೇಷ್ಟ್ರು ಕುಡಿದೇ ಕ್ಲಾಸಿಗೆ ಬರುತ್ತಾರೆ ಎಂದಳು.

"ಸರ್ ಕುಡಿದು ಬರ್ತಾರಾ?" ಎಂದು ಕೇಳಿದರು ಹೆಡ್‌ಮಿಸ್ಟ್ರೆಸ್.

ಇಲ್ಲ ಎಂದರೆ ಅಮ್ಮ ಸುಳ್ಳುಗಾತಿಯಾಗುತ್ತಾಳೆ. ಆಮೇಲೆ, ಅಮ್ಮನಿಗೆ ಯಾಕೆ ಅಷ್ಟು ಸಿಟ್ಟು ಎಂದು ಕೇಳುತ್ತಾರೆ, ಅಪ್ಪನ ವಿಷಯ ಇಡೀ ಸ್ಕೂಲಿಗೆ ಗೊತ್ತಾಗುತ್ತದೆ. ರೇವತಿ ಹೌದೆಂದು ತಲೆಯಾಡಿಸಿದಳು.

"ನಿಂಗೆ ಹೇಗೆ ಗೊತ್ತು?"

"ವಾಸನೆ ಬರುತ್ತೆ ಮಿಸ್. ಹುಳಿ ಹುಳಿ. ಅದು ಗೊತ್ತಾಗಬಾರ್ದು ಅಂತ ಏಲಕ್ಕಿ ಅಗೀತಾರೆ. ಬೆಳಿಗ್ಗೆ ಹೊತ್ತು ಕೈ ನಡುಗುತ್ತೆ."

ಒಂದೊಂದೂ ನಿಜ. ಒಂದೊಂದೂ ಅವಳ ಅಪ್ಪನದು. ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಷ್ಟು ವಿವರವಾಗಿ ಮಗುವೊಂದು ಸುಳ್ಳು ಹೇಳೀತು ಎಂದು ಯಾರಿಗೂ ಅನ್ನಿಸಲಿಲ್ಲ. ಆ ವಾರವೇ ಮೇಷ್ಟ್ರನ್ನು ಸ್ಕೂಲಿನಿಂದ ತೆಗೆದರು. ಆಮೇಲೆ ಇನ್ಯಾವ ಸ್ಕೂಲೂ ಅವರನ್ನು ತೆಗೆದುಕೊಳ್ಳಲಿಲ್ಲ. ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುತ್ತಾರೆ ಎಂದು ಅವಳು ಕಾಲೇಜಿನಲ್ಲಿದ್ದಾಗ ಕೇಳಿದ್ದಳು. ಒಮ್ಮೆ ಅವರು ಎದುರಿಗೆ ಬರುವುದನ್ನು ಕಂಡು ರಸ್ತೆ ದಾಟಿಬಿಟ್ಟಿದ್ದಳು.

*

"ಯಾರೋ ಹುಡುಗಿ ಸುಳ್ಳು ಹೇಳಿದ್ಳು," ಹಾಶಿಮ್ ಹೇಳುತ್ತಿದ್ದರು. "ಯಾರು ಸಾಬ್ ಅದು, ಹೆಸರು ಹೇಳಿ ಅಂತ ಎಷ್ಟು ಸಲ ಕೇಳ್ದೆ. ಹೇಳ್ಲಿಲ್ಲ. 'ಅದು ಮಗು ಹಾಶಿಮ್, ಅದರ ಮನೇಲಿ ಏನು ಕಷ್ಟವೋ' ಅಂದ್ಬಿಟ್ರು."

ವಿಕ್ರಮ್ ಹೆಗಲು ಕುಣಿಸಿದ. "ಈಗ ಯಾರಿಗ್ ಗೊತ್ತು ಬಿಡಿ ಅಂಕಲ್. ಬೆಂಕಿ ಇಲ್ದೆ ಹೊಗೆ ಬರುತ್ತಾ?"

ಸುಮ್ಮನಿದ್ದರೆ ಮುಗಿಯುತ್ತಿತ್ತು. ಹೂವಿನ ಹಾರ ಹಾಕಿ, ಕೈಮುಗಿದು, ಆಟೋ ಹತ್ತಬಹುದಿತ್ತು. ಬೆಳಿಗ್ಗೆ ಹೊರಟಾಗ ಅವಳು ಅಂದುಕೊಂಡಿದ್ದೂ ಅಷ್ಟೇ.

"ನಾನೇ," ಎಂದಳು ರೇವತಿ. "ಆ ಹುಡುಗಿ ನಾನೇ. ಸರ್ ಕುಡೀತಿರ್ಲಿಲ್ಲ."

ಹಾಶಿಮ್ ಅವಳ ಮುಖ ನೋಡಲಿಲ್ಲ, ನೆಲ ನೋಡಿದರು. ಒಳಗೆ ಗಂಡನ ತಲೆಯ ಬಳಿ ಕೂತಿದ್ದ ಅಂಜನಮ್ಮ ಗೋಡೆಗೆ ಕೈಕೊಟ್ಟು ಎದ್ದು ಬಾಗಿಲಿಗೆ ಬಂದರು.

"ಏನಂದೆ?"

ರೇವತಿ ಇನ್ನೊಮ್ಮೆ ಹೇಳಿದಳು.

"ಅವ್ರಿದ್ದಾಗ ಬರ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ರೇವತಿ ಕಾಲಿಗೆ ಬೀಳಲು ಬಾಗಿದಳು. ಅಂಜನಮ್ಮ ಹಿಂದಕ್ಕೆ ಸರಿದರು.

"ಕಾಲು ಬೇಡ. ಈ ಬೀದಿಯೋರೆಲ್ಲ ಗೇಟಲ್ಲಿ ನಿಂತಿದಾರೆ. ಅವ್ರಿಗೆ ಕೇಳೋ ಹಾಗೆ ಹೇಳು. ಜೋರಾಗಿ."

ರೇವತಿ ಗೇಟಿನ ಕಡೆ ತಿರುಗಿದಳು. ನಲವತ್ತೈದು ದಾಟಿದ ಹೆಂಗಸು, ತರಗತಿಯಲ್ಲಿ ಎದ್ದು ನಿಂತವಳಂತೆ ಕೈ ಕೆಳಗಿಳಿಸಿ, ಹೇಳಿದಳು. "ಲಕ್ಷ್ಮಿಕಾಂತ ಸರ್ ಯಾವತ್ತೂ ಕುಡೀತಿರ್ಲಿಲ್ಲ. ಕುಡೀತಿದ್ದಿದ್ದು ನಮ್ಮಪ್ಪ. ನಾನು ಸುಳ್ಳು ಹೇಳಿ ಅವರ ಕೆಲಸ ಕಳೆದೆ." ಗೇಟಿನಾಚೆ ಇಸ್ತ್ರಿ ಗಾಡಿಯವನು ಕೆಂಡದ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು ನಿಂತ. ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು.

ವ್ಯಾನ್ ಬಂತು. ಪುರೋಹಿತರು ಅವಸರ ಮಾಡಿದರು. ತುಳಸಿ ನೀರಿನ ಪಂಚಪಾತ್ರೆ ಕೈಯಿಂದ ಕೈಗೆ ದಾಟಿ ಸಾಲಿನ ಕೊನೆಯಲ್ಲಿದ್ದ ರೇವತಿಯ ಮುಂದೆ ಬಂದು ನಿಂತಿತು. ಅವಳು ಅಂಜನಮ್ಮನ ಕಡೆ ನೋಡಿದಳು. ಅವರು ಬಾ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಮಂಡಿಯೂರಿ, ಆಗ ಮೊದಲ ಬಾರಿ ಮುಖ ನೋಡಿದಳು. ಉದ್ಧರಣೆಯ ಚಮಚದಿಂದ ಬಾಯಿಗೆ ನೀರು ಬಿಟ್ಟಳು. ಬಿಗಿದ ತುಟಿಗಳ ಮೇಲೆ ಅದು ಒಂದು ಗಳಿಗೆ ನಿಂತು, ದಾರಿ ಸಿಗದೆ, ಕೆನ್ನೆಗುಂಟ ಇಳಿದು ಕಿವಿಯ ಗುಳಿಯಲ್ಲಿ ತುಂಬಿಕೊಂಡಿತು. ಅಂಜನಮ್ಮ ಬಗ್ಗಿ, ನಿದ್ದೆ ಹೋದ ಮಗುವಿನ ತಲೆಯನ್ನು ಹೊರಳಿಸುವಂತೆ ಆ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ವಾಲಿಸಿದರು. ನೀರು ಚಾಪೆಗೆ ಹರಿದು ಹೋಯಿತು.