ನೀಲಿ ರವಿಕೆಯ ಅಳತೆ

ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದ ಕಾವ್ಯಶ್ರೀಗೆ ಅಪ್ಪನ ಮೇಲೆ ಅನುಮಾನ ಶುರುವಾದದ್ದು ೧೯೯೯ರ ಡಿಸೆಂಬರಿನ ಒಂದು ಗುರುವಾರ. ಅವ್ವ ತೀರಿಕೊಂಡು ಐದು ತಿಂಗಳಾಗಿತ್ತು. ಅಲ್ಲಿಯವರೆಗೆ ಹೊಗೆಸೊಪ್ಪಿನ ಹೊಲ ಬಿಟ್ಟರೆ ಮನೆ ಎಂದಿದ್ದ ಪುಟ್ಟಮಲ್ಲಪ್ಪ ಅವತ್ತು ನುಣ್ಣಗೆ ಗಡ್ಡ ಹೆರೆದು, ಬಿಳಿ ಅಂಗಿ ತೊಟ್ಟು, ಗೊಬ್ಬರದಂಗಡಿಯ ಕವರೊಂದನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಟ.

“ಎಲ್ಲಿಗಪ್ಪಾ?”

“ಇಲ್ಲೇ, ಪ್ಯಾಟೆಗೆ.”

“ಕವರಲ್ಲೇನು?”

“ಏನಿಲ್ಲ ಬುಡವ್ವ.”

ಅವನು ತಿರುವು ದಾಟುತ್ತಲೇ ಕಾವ್ಯ ಟ್ರಂಕು ತೆಗೆದಳು. ಅವ್ವನ ನೀಲಿ ಸೀರೆಯೂ ಅದರ ರವಿಕೆಯೂ ಇರಲಿಲ್ಲ.

ಗೆಳತಿ ರಾಧಾ ಸಮಾಧಾನ ಹೇಳುವವಳಲ್ಲ. “ಯಾರೋ ಅವ್ರೆ ಕಣೇ. ಸುಮ್ಸುಮ್ನೆ ಯಾವ ಗಂಡಸು ಸೀರೆ ಇಟ್ಕೊಂಡು ಓಡಾಡ್ತಾನೆ?”

ಮರುದಿನ ಲಂಗಕ್ಕೆ ಹುಕ್ಕು ಹಾಕಿಸುವ ನೆಪದಲ್ಲಿ ಕಾವ್ಯ ಟೈಲರ್ ಯಶೋದಮ್ಮನ ಅಂಗಡಿಗೆ ಹೋದಳು. ನೀಲಿ ರವಿಕೆ ಅಲ್ಲೇ ಇತ್ತು. ಯಶೋದಮ್ಮ ಅದರ ಹೊಲಿಗೆ ಬಿಚ್ಚುತ್ತಿದ್ದಳು.

“ಯಾರಿಗಕ್ಕಾ ಅದು?”

ಯಶೋದಮ್ಮ ರವಿಕೆಯನ್ನು ಮಡಿಲಿಗೆಳೆದುಕೊಂಡಳು. “ಹೇಳ್ಬ್ಯಾಡಿ ಅಂದವ್ರೆ ನಿಮ್ಮಪ್ಪ. ಭುಜ ಅಗಲ, ಅಷ್ಟೇಯ.”

ಅಲ್ಲಿಂದ ಕಾವ್ಯ ಕಂಡಕಂಡ ಹೆಂಗಸರ ಭುಜ ನೋಡತೊಡಗಿದಳು. ಸೊಪ್ಪು ಮಾರುವವಳದು, ಆಸ್ಪತ್ರೆಯ ನರ್ಸಿನದು, ಕೊನೆಗೆ ಹಿಂದಿ ಮೇಡಮ್ಮಿನದು. ಹಿಂದಿ ಮೇಡಮ್ ಪ್ರೀತಿಯಿಂದ ತಲೆ ಸವರಲು ಬಂದಾಗ ಸರಕ್ಕನೆ ಹಿಂದೆ ಸರಿದಳು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

“ಅಪ್ಪಾ, ನಮ್ ಹಿಂದಿ ಮೇಡಮ್ ಹೆಂಗೆ?” ಊಟದ ಹೊತ್ತಿಗೆ ಕೇಳಿದಳು.

“ಯಾಕೆ, ಮಾರ್ಕ್ಸು ಕಮ್ಮಿ ಕೊಟ್ರಾ?”

ಅಪ್ಪನ ಮುಖದಲ್ಲಿ ಏನೂ ಸಿಗಲಿಲ್ಲ. ಇಷ್ಟು ಚೆನ್ನಾಗಿ ಮುಚ್ಚಿಡುತ್ತಾನಲ್ಲ ಎಂದು ಅನುಮಾನ ಇನ್ನೂ ಗಟ್ಟಿಯಾಯಿತು.

ಸೋಮವಾರ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ವೇಷದ ತಾಲೀಮು. ಹೆಣ್ಣುಮಕ್ಕಳನ್ನು ಕುಣಿಸಲು ಮನೆಯವರು ಒಪ್ಪದ್ದರಿಂದ ಹೆಣ್ಣು ಪಾತ್ರವನ್ನೂ ಹುಡುಗರೇ ಮಾಡುತ್ತಿದ್ದರು. ಪರದೆಯ ಹಿಂದೆ ನಿಂತು ಮರೆತ ಮಾತು ಹೇಳಿಕೊಡುವುದು ಕಾವ್ಯಳ ಕೆಲಸ. ತಾಯಿಯ ಪಾತ್ರ ಕಬಡ್ಡಿ ಆಡುವ ಮಾದೇಶನದು. ಅವನೆಂದರೆ ಕಾವ್ಯಳಿಗೆ ಇಷ್ಟ. ಅದು ರಾಧಾಳಿಗೆ ಮಾತ್ರ ಗೊತ್ತಿತ್ತು.

ಮಾದೇಶ ಬಂದ. ನೀಲಿ ಸೀರೆ, ನೀಲಿ ರವಿಕೆ, ಅಗಲ ಭುಜ.

ಕಾವ್ಯಳ ಕೈಯಿಂದ ಹಾಳೆಗಳು ಬಿದ್ದವು. “ಅಯ್ಯೋ ಮಗನೇ...” ಎಂದ ಮಾದೇಶನಿಗೆ ಮುಂದಿನ ಮಾತು ಹೊಳೆಯಲಿಲ್ಲ. “ಮಗನೇ... ಮಗನೇ...” ಎನ್ನುತ್ತ ಪರದೆಯ ಕಡೆ ನೋಡಿದ. ಪರದೆ ಸರಿಸಿಕೊಂಡು ಕಾವ್ಯಳೇ ಬಂದಳು.

“ಬಿಚ್ಚೋ ಅದ್ನ! ನಮ್ಮವ್ವಂದು ಅದು!”

“ನಂಗೊತ್ತಿರ್ನಿಲ್ಲ ಕಾವ್ಯ! ಮೇಷ್ಟ್ರು ಕೊಟ್ಟಿದ್ದು!” ಮಾದೇಶ ಗಾಬರಿಯಲ್ಲಿ ಅಲ್ಲೇ ನೆರಿಗೆ ಕೀಳಹೊರಟ. ನಾಟಕದ ಮೇಷ್ಟ್ರು ವೀರಭದ್ರಸ್ವಾಮಿ ಓಡಿಬಂದು ಅವನ ಸೊಂಟ ಹಿಡಿದುಕೊಂಡರು.

“ನಾನೇ ಕೊಟ್ಟೆ ಕಣವ್ವ.” ಬಾಗಿಲಲ್ಲಿ ಪುಟ್ಟಮಲ್ಲಪ್ಪ ನಿಂತಿದ್ದ, ಅದೇ ಬಿಳಿ ಅಂಗಿಯಲ್ಲಿ. “ಮೇಷ್ಟ್ರು ಸೀರೆ ಬೇಕು ಅಂದ್ರು. ನಿನ್ನ ಕೇಳಿದ್ರೆ ಅಳ್ತೀಯ ಅಂತ ಸುಮ್ಕಿದ್ದೆ. ಟ್ರಂಕಲ್ಲಿ ಮಡಚಿಟ್ಟಿದ್ನ ನೋಡಕ್ಕಾಯ್ತಿರ್ನಿಲ್ಲ. ಅದು ಓಡಾಡೋದ್ನ ಒಂದ್ಸಲ ನೋಡನ ಅನ್ನಿಸ್ತು.”

ಮಾದೇಶ ಅರ್ಧ ಬಿಚ್ಚಿದ ನೆರಿಗೆ ಹಿಡಿದುಕೊಂಡೇ ಅಳುತ್ತಿದ್ದ. ಮೀಸೆ ಚಿಗುರುತ್ತಿದ್ದ ಆ ಮುಖ ನೋಡಿ ಕಾವ್ಯಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಮೂಗು ಒರೆಸಿಕೊಂಡು ಅವನ ಮುಂದೆ ಮಂಡಿಯೂರಿ ಕುಳಿತು ನೆರಿಗೆ ಹಿಡಿದಳು.

“ನೆಟ್ಟಗೆ ನಿಂತ್ಕೊ. ನಮ್ಮವ್ವ ಇಂಗೆ ಉಡ್ತಿರ್ನಿಲ್ಲ.”

ನಾಟಕ ಮುಗಿದ ಮೂರನೇ ದಿನ ಮಾದೇಶ ಸೀರೆ ಒಗೆದು, ಇಸ್ತ್ರಿ ಮಾಡಿಸಿಕೊಂಡು ಮನೆಗೇ ತಂದ. ಕಾವ್ಯ ಬಾಗಿಲಿಗೆ ಬಂದು ತೆಗೆದುಕೊಂಡಳು. ಅದಕ್ಕೆ ಇಬ್ಬರೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಜಗುಲಿಯ ಮೇಲಿದ್ದ ಪುಟ್ಟಮಲ್ಲಪ್ಪ ಹುಡುಗನನ್ನು ನೋಡಿದ, ಮಗಳನ್ನು ನೋಡಿದ.

“ಏನ್ಲಾ, ಮೇಷ್ಟ್ರ ಕೈಲಿ ಕೊಟ್ರೆ ಆಯ್ತಿರ್ನಿಲ್ವಾ?”